ಉಣ್ಣೆದಾರ ಕಟ್ಟಿದ ಕಾಲು

ಗುತ್ಯಮ್ಮ ಸುಳ್ಳೇ ಹೇಳದ ಹೆಂಗಸೇನಲ್ಲ. ಕುರಿ ಮಾರುವಾಗ ಅದರ ವಯಸ್ಸು ಒಂದು ವರ್ಷ ಇಳಿಸಿ ಹೇಳುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಈ ಸಲ ಮಗ ಶಿವಶಂಕರ ಹೇಳಿಕೊಟ್ಟ ಸುಳ್ಳು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಅವಳ ಗಂಡ ಮಾರಪ್ಪನ ಬಲತೊಡೆಯ ರಕ್ತನಾಳ ಮುಚ್ಚಿಕೊಂಡಿತ್ತು. ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಶ್ರೀನಾಥ ಆಪರೇಷನ್ ಮಾಡಿ ರಕ್ತ ಹರಿಯಲು ಬೇರೆ ದಾರಿ ಮಾಡಿಕೊಟ್ಟರು. ಮರುದಿನವೇ ಆ ದಾರಿಯೂ ಕಟ್ಟಿಕೊಂಡಿತು, ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಶಿವಶಂಕರ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟ. ಆಸ್ಪತ್ರೆಯವರು ಉತ್ತರ ಬರೆದರು: ಮನೆಯವರು ಕಾಲಿಗೆ ಬಿಗಿಯಾಗಿ ದಾರ ಕಟ್ಟಿದ್ದರಿಂದಲೇ ರಕ್ತ ನಿಂತಿದೆ. ಕೆಳಗೆ ಡಾಕ್ಟರ ಸಹಿ.

"ನಾವು ದಾರಾನೇ ಕಟ್ಟಿಲ್ಲ ಅಂತ ಆಯೋಗದ ಮುಂದ ಹೇಳಬೇ ಅವ್ವಾ, ಸಾಕು," ಎಂದ ಮಗ.

ಕಟ್ಟಿದ್ದಳು. ಕುರಿ ಕಾಲೆಳೆದರೆ ಕರಿ ಉಣ್ಣೆಯ ದಾರ ಹೊಸೆದು, ಚಂದ್ರಗುತ್ತಿ ಅಮ್ಮನನ್ನು ನೆನೆದು ಕಟ್ಟುವುದು ಅವರ ಮನೆಯ ರೂಢಿ. ಆಪರೇಷನ್ ಆದ ರಾತ್ರಿ ನರ್ಸು ಅತ್ತ ಹೋದಾಗ ಗಂಡನ ಪಾದದ ಗಂಟಿಗೂ ಹಾಗೆಯೇ ಕಟ್ಟಿ ಹೊದಿಕೆ ಎಳೆದಿದ್ದಳು. ಈಗ ಮಾರಪ್ಪ ಊರುಗೋಲಿಗೆ ಕೈ ಚಾಚಿದಾಗಲೆಲ್ಲ, ನನ್ನ ಕೈಯಾರೆ ಆ ಕಾಲು ಕಳೆದೆನಲ್ಲ ಎಂದು ಅವಳು ಮುಖ ತಿರುಗಿಸುತ್ತಿದ್ದಳು. ಹನ್ನೊಂದು ತಿಂಗಳಿಂದ ಹೀಗೆಯೇ.

ಆ ಡಾಕ್ಟರು ಪ್ರತಿ ಬುಧವಾರ ಸೊರಬಕ್ಕೆ ಬಂದು ರೋಗಿಗಳನ್ನು ನೋಡುತ್ತಾರೆ. ಯಾರಿಗೂ ಹೇಳದೆ ಗುತ್ಯಮ್ಮ ತಾಳಗುಂದದಿಂದ ಹೊರಟು, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದಳು. ಚೀಟಿ ಹಿಡಿದು ಕಾದು, ಒಳಗೆ ಕರೆದಾಗ ನಿಂತುಕೊಂಡೇ ಹೇಳಿಬಿಟ್ಟಳು.

"ಮಾರಪ್ಪನ ಮನಿಯಾಕಿ ರೀ ನಾನು. ದಾರ ಕಟ್ಟಿದ್ದು ನಾನೇ. ಮಗ ಇಲ್ಲ ಅಂತಾನ, ನನಗ ಹಂಗ ಅನ್ನಾಕ ಆಗಂಗಿಲ್ಲ."

ಡಾಕ್ಟರು ಕುರ್ಚಿಯಿಂದ ಎದ್ದು ಬಾಗಿಲು ಮುಚ್ಚಿದರು. ಆಮೇಲೆ ಅವಳನ್ನು ಮಂಚದ ಮೇಲೆ ಕೂರಿಸಿ, ಪಾದಕ್ಕೆ ತಣ್ಣನೆಯ ಅಂಟು ಹಚ್ಚಿ, ಪೆನ್ನಿನಂಥದೊಂದನ್ನು ಒತ್ತಿದರು. ಕೈಯಲ್ಲಿದ್ದ ಪುಟ್ಟ ಪೆಟ್ಟಿಗೆಯಿಂದ ಹುಶ್, ಹುಶ್, ಹುಶ್ ಎಂದು ಸದ್ದು ಬಂತು.

"ಏನ್ರೀ ಅದು?"

"ನಿಮ್ಮ ರಕ್ತ, ಅಮ್ಮಾ."

ಗುತ್ಯಮ್ಮನ ಮೈಮೇಲಿನ ರೋಮ ಎದ್ದು ನಿಂತವು. ಅರವತ್ತು ವರ್ಷ ಕುರಿಯ ಹಿಂದೆ ಸವೆಸಿದ ಪಾದ, ಕೊಳೆ ತುಂಬಿದ ಬಿರುಕಿನ ಪಾದ. ಅದರೊಳಗೆ ಇಷ್ಟು ದಿನವೂ ಇದೊಂದು ಹೊಳೆ, ಅವಳನ್ನು ಒಂದು ಮಾತೂ ಕೇಳದೆ ಹರಿಯುತ್ತಲೇ ಇತ್ತು. ಅವಳು ಅರಿವಿಲ್ಲದೆಯೇ ಕೈ ಮುಗಿದಳು.

"ಅವತ್ತು ಎಷ್ಟು ಬಿಗಿ ಕಟ್ಟಿದ್ರೋ, ಈಗ ನಿಮ್ಮ ಕಾಲಿಗೂ ಅಷ್ಟೇ ಬಿಗಿ ಕಟ್ಟಿ," ಎಂದರು ಡಾಕ್ಟರು.

ತೋರಿಸಲೆಂದು ಅಂಥದೇ ದಾರವೊಂದನ್ನು ಸೆರಗಿನಲ್ಲಿ ತಂದಿದ್ದಳು. ಕಟ್ಟಿದಳು. ಗಂಟಿನ ಕೆಳಗೆ ಪೆನ್ನು ಇಟ್ಟರೂ ಹುಶ್, ಹುಶ್ ಎಂದು ಅದೇ ಸದ್ದು. ಇನ್ನೂ ಬಿಗಿದಳು. ನಿಲ್ಲಲಿಲ್ಲ.

"ಅವರ ರಕ್ತ ನಿಂತಿದ್ದು ಮೇಲೆ, ತೊಡೆಯಲ್ಲಿ. ದಾರಕ್ಕೂ ಅದಕ್ಕೂ ಸಂಬಂಧ ಇಲ್ಲ," ಎಂದರು ಡಾಕ್ಟರು. "ರಕ್ತ ನಿಂತ ದಿನವೂ ಬುಧವಾರ. ಕಾಲು ತಣ್ಣಗಾಗಿದೆ ಅಂತ ನರ್ಸು ಬೆಳಿಗ್ಗೆ ಹನ್ನೊಂದಕ್ಕೇ ಫೋನ್ ಮಾಡಿದ್ರು. ನಾನು ಇದೇ ಕುರ್ಚಿಯಲ್ಲಿದ್ದೆ. ಹೊರಗೆ ಜನ ಇದ್ರು, ಮುಗಿಸಿಕೊಂಡು ಸಂಜೆ ಶಿವಮೊಗ್ಗಕ್ಕೆ ಹೋದೆ. ಆಗ್ಲೇ ಹೋಗಿದ್ರೆ ಕಾಲು ಉಳೀತಿತ್ತೇನೋ."

"ಮತ್ತ ಕಾಗದದಾಗ ದಾರ ಅಂತ ಬರ್ದೀರಲ್ರಿ."

"ವಕೀಲರು ಬರೆದ್ರು. ಸುಳ್ಳು ಅಂತ ಗೊತ್ತಿದ್ದೇ ಸಹಿ ಹಾಕಿದೆ."

ಅವರು ಬಿಳಿ ಹಾಳೆ ಎಳೆದುಕೊಂಡು ಈಗ ಹೇಳಿದ್ದನ್ನೆಲ್ಲ ಬರೆದರು. ಹೊರಗೆ ಜನ ಗೊಣಗುತ್ತಿದ್ದರು. ಬರೆದದ್ದನ್ನು ಅವಳಿಗೆ ಓದಿ ಹೇಳಿ, ಸಹಿ ಹಾಕಿ, ಮೊಹರು ಒತ್ತಿದರು. ಇಷ್ಟು ಓದಿದ ಮನುಷ್ಯ ತನ್ನ ತಪ್ಪನ್ನು ತನ್ನ ಕೈಯಿಂದಲೇ ಬರೆಯುವುದನ್ನು ಗುತ್ಯಮ್ಮ ಎಂದೂ ಕಂಡವಳಲ್ಲ. ಎದೆಯ ಮೇಲಿನ ಬಂಡೆ ಇಳಿದಿತ್ತು, ಸಿಟ್ಟೂ ಇತ್ತು. ಎರಡಕ್ಕಿಂತ ದೊಡ್ಡದಾಗಿ ಬೆರಗು ನಿಂತಿತ್ತು.

"ಹಂಗಂತ ಕೇಸು ಬಿಡಂಗಿಲ್ರಿ ಸಾಹೇಬ್ರ," ಎಂದಳು.

"ಬಿಡಬೇಡಿ," ಎಂದು ಅವರು ಹಾಳೆಯನ್ನು ಮಡಚಿ ಅವಳ ಕೈಗಿಟ್ಟರು.