ಬ್ಯಾಂಕಾಕಿನ ಪಡ್ಡು

ಕಂಡಿತ್ತೇ, ಅಪ್ಪಾಜಿಗೆ ಆ ಗುಲಾಬಿ ಚೂರು ಕಂಡಿತ್ತೇ ಇಲ್ಲವೇ, ಕಂಡಿರಲಿಕ್ಕಿಲ್ಲ, ಕನ್ನಡಕ ಜೇಬಿನಲ್ಲಿತ್ತು, ಆದರೆ ಗೊಬ್ಬರದ ಚೀಲದ ಹೊಲಿಗೆ ಬಿಚ್ಚಿದ್ದನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಕೂತೇ ಹಿಡಿಯುವ ಮನುಷ್ಯನಿಗೆ ಬೆರಳ ತುದಿಯಲ್ಲಿದ್ದ ಸೀಗಡಿ ಕಾಣದೇ ಇರುತ್ತದೆಯೇ — ಎದುರಿನ ಗಾಡಿಯಲ್ಲಿ ಬೋಂಡಾ ಎಣ್ಣೆಗೆ ಬಿತ್ತು, ಇವತ್ತು ಶನಿವಾರ, ಸಂತೆಯ ಗದ್ದಲ ನಮ್ಮ ಅಂಗಡಿಯ ಬಾಗಿಲವರೆಗೂ ಬಂದಿದೆ, ಚುರ್ ಎಂಬ ಆ ಸದ್ದು ಕೇಳಿದರೆ ಸಾಕು, ನಾನು ಮತ್ತೆ ಆ ಬೀದಿಯಲ್ಲಿರುತ್ತೇನೆ, ಬ್ಯಾಂಕಾಕಿನ ಬೀದಿ, ಇದ್ದಿಲ ಹೊಗೆ, ಮೀನಿನ ರಸದ ವಾಸನೆ, ಅದರ ನಡುವೆ ಎಲ್ಲಿಂದಲೋ ತೆಂಗಿನ ಹಾಲು ಕಾಯುವ ಪರಿಮಳ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅಪ್ಪಾಜಿ, ಶನಿವಾರಸಂತೆಯ ಗೊಬ್ಬರದಂಗಡಿ ಸಿದ್ದಬಸಪ್ಪ, ಬೇರೆ ಯಾರದೋ ಮದುವೆಮನೆಗೆ ದಾರಿ ತಪ್ಪಿ ಬಂದವರ ಹಾಗೆ ನಿಂತಿದ್ದಾರೆ. ಕಂಪನಿಯವರು ಡೀಲರುಗಳಿಗೆ ಕೊಟ್ಟ ಪ್ರವಾಸ, ಗಂಡ ಹೆಂಡತಿಗೆಂದೇ ಕೊಟ್ಟಿದ್ದು, ಅಮ್ಮ ವಿಮಾನ ಬೇಡವೇ ಬೇಡ ಅಂದಳು, ನವೀನನ್ನ ಕರ್ಕೊಂಡೋಗಿ, ಅವ್ನಾದ್ರೆ ಇಂಗ್ಲೀಷಲ್ಲಿ ವೆಜ್ಜು ಕೇಳ್ತಾನೆ ಅಂದಳು, ಚಪಾತಿ, ಚಟ್ನಿಪುಡಿ ಕಟ್ಟಿ ಕಳಿಸಿದಳು, ನಾನು ಒಪ್ಪಿದ್ದು ಬೇರೆ ಕಾರಣಕ್ಕೆ ಎಂದು ಅವಳಿಗೆ ಗೊತ್ತಿರಲಿಲ್ಲ, ಇಲ್ಲಿ ಆಡಲಾಗದ ಮಾತನ್ನು ಗುರುತಿನವರಿಲ್ಲದ ಊರಿನಲ್ಲಿ ಆಡಿಬಿಡಬಹುದು ಎಂದುಕೊಂಡಿದ್ದೆ, ದಮಯಂತಿಯನ್ನು ಮದುವೆಯಾಗುವ ಮಾತು, ಗೋಣಿಕೊಪ್ಪಲಿನ ಕಾಲೇಜಿನ ದಿನಗಳಿಂದ ನನ್ನ ಬಾಯಲ್ಲೇ ಉಳಿದಿರುವ ಮಾತು. ನಿಮ್ಮಪ್ಪ ನಮ್ಮನೆ ನೀರಾದ್ರೂ ಕುಡೀತಾರಾ ಮಾರಾಯ ಎಂದು ದಮಯಂತಿ ನಗುತ್ತಾಳೆ, ಅವಳ ಅಮ್ಮ ಕರಿದ ಮೀನನ್ನು ನನ್ನ ತಟ್ಟೆಗೆ ಹಾಕುತ್ತಾರೆ, ತಿಂದಾದ ಮೇಲೆ ದಮಯಂತಿ ಅಂಗೈಯಲ್ಲಿ ಏಲಕ್ಕಿ ಹಿಡಿದು ಬರುತ್ತಾಳೆ, ಅಗಿ ಅಗಿ, ಇಲ್ದಿದ್ರೆ ಮನೇಲಿ ಸಿಕ್ಕಿ ಬೀಳ್ತೀಯ, ನಾನು ಏಲಕ್ಕಿ ಅಗಿಯುತ್ತಲೇ ಬಸ್ಸು ಹತ್ತುತ್ತೇನೆ, ಎಷ್ಟು ಸಲ ಹಾಗೆ ಹತ್ತಿದ್ದೇನೋ. ಅಪ್ಪಾಜಿ ಮೀನು ಮಾಂಸ ತಿನ್ನುವವರ ಮನೆಯ ನೀರು ಕುಡಿಯುವುದಿಲ್ಲ, ನಾಣಯ್ಯನವರ ಮಗಳ ಮದುವೆಯಲ್ಲಿ, ಅಷ್ಟು ಹಳೆಯ ಗಿರಾಕಿ, ಊಟಕ್ಕೆ ಕೈ ಹಿಡಿದು ಎಳೆದರೂ, ಒಂದು ಬಾಳೆಹಣ್ಣು ಸುಲಿದು ತಿಂದು ಎದ್ದು ಬಂದರು, ಬರುವಾಗ ಜೀಪಿನಲ್ಲಿ ಯಾರದೋ ಮಗ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದ ಸುದ್ದಿ ಬಂತು, ಒಳ್ಳೇ ಜನವೇ ಇರ್ಬೋದು ಕಣೋ, ಆದ್ರೆ ಮೀನು ತೊಳ್ದ ಕೈಯಲ್ಲಿ ಮಾಡಿದ್ದು ನಮ್ಮ ಪೂಜೆ ಎಡೆಗೆ ಹೆಂಗೆ ಬರುತ್ತೆ ಅಂದರು, ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಹಾಗೆ, ಸಿಟ್ಟಿನಿಂದ ಅಂದಿದ್ದರೆ ನಾನು ಜಗಳವಾಡಿ ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದೆ.

ಏನ್ ಸಿದ್ದಬಸಪ್ಪನೋರೆ, ಫಾರಿನ್ ಗಾಳಿ ಬಿದ್ಮೇಲೆ ಬೆಳ್ಳಗಾಗ್ಬಿಟ್ರಲ್ಲ, ಜಯಪ್ಪ ಬಂದ, ಮೆಣಸಿನ ಬಳ್ಳಿಗೆ ಔಷಧಿ ಕೇಳಲು ಬಂದವನು ಗೊಬ್ಬರದ ಚೀಲದ ಮೇಲೆ ಕೂತೇಬಿಟ್ಟ, ಅಲ್ಲಿ ಹುಳ ಹುಪ್ಪಟೆ ಎಲ್ಲಾ ಹುರಿದು ಮಾರ್ತರಂತಲ್ಲ, ನಿಜ ಹೇಳಿ, ಏನೇನ್ ತಿಂದ್ರಿ. ಥೂ, ಅಪ್ಪಾಜಿ ಅಂದರು, ಮಳೆಗಾಲದಲ್ಲಿ ದೀಪದ ಕೆಳಗಿಂದ ಗುಡಿಸ್ಕೊಂಡು ಬಂದಂಗೆ ತಟ್ಟೆ ತುಂಬ ಸುರ್ಕೊಂಡಿರ್ತರೆ ಕಣಯ್ಯ, ನಾನು ಪಡ್ಡು ತಿಂದೆ ನೋಡು, ನಮ್ಮ ಪಡ್ಡೇ, ಅದೇ ಗುಳಿ ಗುಳಿ ಹಂಚು, ತೆಂಗಿನಕಾಯಿ ಹಾಲಿಂದು, ಅರ್ಧರ್ಧ ಬೇಯ್ಸಿ ಒಂದ್ರ ಮೇಲೊಂದು ಕವುಚಿ ಕೊಡ್ತಳೆ — ಹೌದು, ಬ್ಯಾಂಕಾಕಿನ ಆ ಹೆಂಗಸು ಕವುಚಿ ಕೊಡುತ್ತಿದ್ದಳು, ಅಪ್ಪಾಜಿ ಒಲೆಯ ಪಕ್ಕ ಬಗ್ಗಿ ನಿಂತು ಅವಳ ಕೈಯನ್ನೇ ನೋಡಿದರು, ಮೊದಲ ಪೊಟ್ಟಣದ ಪಡ್ಡಿನ ಮೇಲೆ ಮೆಕ್ಕೆಜೋಳದ ಕಾಳಿತ್ತು, ಬಾಯಿ ಸುಟ್ಟುಕೊಂಡು ತಿಂದರು, ನಿಮ್ಮಮ್ಮಂಗೆ ಹೇಳ್ಬೇಕು ಇದನ್ನ ಅಂದರು, ಬೆರಳು ನೆಕ್ಕಿದರು, ಅಪ್ಪಾಜಿ ಬೀದಿಯಲ್ಲಿ ನಿಂತು ಬೆರಳು ನೆಕ್ಕಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ಈಗ ಹೇಳು, ಈಗ, ಅಪ್ಪಾಜಿ ನಿಮ್ಮತ್ರ ಒಂದು ವಿಷಯ ಮಾತಾಡ್ಬೇಕಿತ್ತು ಅಂದೂಬಿಟ್ಟೆ, ಅಷ್ಟರಲ್ಲಿ ಎರಡನೆಯ ಪೊಟ್ಟಣ ಬಂತು, ಮೇಲಿದ್ದುದು ಜೋಳವಲ್ಲ, ಬಾಗಿದ ಗುಲಾಬಿ ಚೂರು, ಬಾಲ ಸಮೇತ, ಹೆಂಗಸು ನಗುತ್ತಾಳೆ, ಇದು ಇನ್ನೂ ರುಚಿ ಎನ್ನುವಂತೆ ತಲೆಯಾಡಿಸುತ್ತಾಳೆ, ತಡೆಯಲೆಂದು ನಾನು ಕೈ ಚಾಚಿದೆ, ಅವರು ಆಗಲೇ ಒಂದನ್ನು ಎತ್ತಿಕೊಂಡಿದ್ದರು, ಅದನ್ನು ನೋಡಿದರು, ನನ್ನನ್ನು ನೋಡಿದರು, ಎಡಗೈ ಮೇಲೆ ಹೋಯಿತು, ಅಂಗಿಯೊಳಗೆ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೂಗುವ ಜಾಗಕ್ಕೆ, ಅಂಗೈ ಅದರ ಮೇಲೆ ಮುಚ್ಚಿಕೊಂಡಿತು, ಮಲಗಿದ ಮಗುವಿನ ಕಣ್ಣಿಗೆ ಬಿಸಿಲು ಬೀಳದಂತೆ ಅಡ್ಡ ಹಿಡಿಯುತ್ತಾರಲ್ಲ ಹಾಗೆ, ತಿಂದರು. ನಿಧಾನವಾಗಿ, ಬಾಲವನ್ನೂ ಬಿಡದೆ ಅಗಿದು ತಿಂದರು. ಹೂಂ, ಏನೋ ವಿಷಯ ಅಂದ್ಯಲ್ಲ, ಹೇಳೋ ಮಗ.

ಹಾಗಾದರೆ ಕಂಡಿತ್ತು, ಕಂಡೇ ತಿಂದರು, ನನಗಾಗಿ ತಿಂದರೇ, ಇಷ್ಟು ವರ್ಷ ನಾನು ಮನೆಯೊಳಗೆ ತಂದ ಏಲಕ್ಕಿಯ ವಾಸನೆ ಅವರಿಗೆ ತಿಳಿಯದೇ ಇತ್ತೇ, ಅಥವಾ ಇದೆಲ್ಲ ನಾನು ಕಟ್ಟಿಕೊಂಡದ್ದೇ, ಹಸಿವಾಗಿತ್ತು ತಿಂದರು ಅಷ್ಟೇ, ಎದೆ ಉರಿಯಿತು ಕೈ ಇಟ್ಟುಕೊಂಡರು ಅಷ್ಟೇ — ಆದರೆ ಆ ಸಂಜೆ ಹೋಟೆಲಿನಲ್ಲಿ ಸ್ನಾನ ಮಾಡಿ ಪೂಜೆಗೆ ಕೂತವರು ಬಹಳ ಹೊತ್ತು ಏಳಲಿಲ್ಲ, ಏನು ಕೇಳಿಕೊಂಡರೋ. ಹೇಳೋ ಮಗ ಅಂದಾಗ ಆರೋಗುತ್ತೆ, ತಿನ್ನಿ ಅಪ್ಪಾಜಿ ಅಂದೆ ನಾನು ಆ ಬೀದಿಯಲ್ಲಿ, ಅಷ್ಟೇ ಅಂದೆ, ಅವರು ಎದೆಯಿಂದ ಕೈ ತೆಗೆಯದೆ ಸ್ವಲ್ಪ ಹೊತ್ತು ಕಾದರು. ಇವತ್ತು ಬೆಳಿಗ್ಗೆ ದಮಯಂತಿ ಫೋನು ಮಾಡಿದ್ದಳು, ನಾಳೆ ಸುಳ್ಯದೋರು ನನ್ನ ನೋಡೋಕೆ ಬರ್ತಾರೆ, ನಿಮ್ಮಪ್ಪಂಗೆ ಹೇಳಿದ್ಯಾ ಇಲ್ವಾ, ಸಂಜೆ ಒಳಗೆ ಅಷ್ಟು ತಿಳ್ಸು, ಆಮೇಲೆ ನಾನು ಕೇಳಲ್ಲ, ನಗಲಿಲ್ಲ ಈ ಸಲ — ಬರೀ ಪಡ್ಡೇನಾ, ನಂಗೆ ನಂಬಿಕೆ ಇಲ್ಲಪ್ಪ, ಜಯಪ್ಪ ನನ್ನ ಕಡೆ ತಿರುಗಿದ್ದಾನೆ, ನವೀನ, ನೀನೇ ಹೇಳು, ನಿಮ್ಮಪ್ಪ ಇನ್ನೇನ್ ತಿಂದ್ರು. ಕೇಳು, ಜೊತೇಲಿದ್ದೋನು ಅವ್ನೇ, ಹೇಳೋದಿದ್ರೆ ಹೇಳ್ಲಿ ಎಂದು ಅಪ್ಪಾಜಿ ನನ್ನನ್ನೇ ನೋಡುತ್ತಿದ್ದಾರೆ, ಬರೀ ಪಡ್ಡು ಅಂದೆ, ಜಯಪ್ಪ ನಕ್ಕ, ಔಷಧಿ ತಗೊಂಡ, ಹೋದ, ಅಂಗಡಿಯಲ್ಲಿ ನಾವಿಬ್ಬರೇ, ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಿದೆ, ದಮಯಂತಿಯದೇ ಇರಬೇಕು, ಎದುರಿನ ಬಾಣಲೆಗೆ ಮತ್ತೆ ಬೋಂಡಾ ಬಿತ್ತು, ಅಪ್ಪಾಜಿ ಇನ್ನೂ ನೋಡುತ್ತಿದ್ದಾರೆ, ಎಡಗೈ ಮೇಲೆ ಹೋಗುತ್ತಿದೆ, ಅಂಗಿಯ ಮೇಲೆ, ಕರಡಿಗೆಯ ಮೇಲೆ, ಅಂಗೈ ಮುಚ್ಚಿಕೊಳ್ಳುತ್ತಿದೆ, ಆ ಕೈ, ಕಾಯುತ್ತಿರುವ ಆ ಕೈ. ದಮಯಂತಿಯ ಹೆಸರನ್ನು ನಾನು ಹೇಳಲಿಲ್ಲ.