ಗೊಲ್ಲಾಳಮ್ಮ ಬಿಡಿಸಿದ ಪಥ್ಯ

ಇದು ನಡೆದ ಕತೆ. ನಡೆದದ್ದಷ್ಟೇ ಅಲ್ಲ, ಸುರಪುರದಲ್ಲಿ ಬಸ್ಸು ಹತ್ತಿ, ಯಾದಗಿರಿಯಲ್ಲಿ ರೈಲು ಹಿಡಿದು, ಹೈದರಾಬಾದಿನ ತನಕ ಹೋಗಿ ಬಂದ ಕತೆ. ಸುಳ್ಳು ಅನ್ನುವವರು ದೇವಾಪುರದ ಕಾಲುವೆಯ ಪೂಲಿನ, ಅಂದರೆ ಕಿರುಸೇತುವೆಯ, ಮೇಲೆ ಮಧ್ಯಾಹ್ನದ ಹೊತ್ತು ಕೂತು ನೋಡಲಿ. ಪೂಲು ಅವರ ಜೊತೆ ಮಾತಾಡುವುದಿಲ್ಲ. ಅದು ಮಾತಾಡಿದ್ದು ಒಂದೇ ಸಲ, ಅದೂ ತಾಯಪ್ಪನ ಜೊತೆ.

ತಾಯಪ್ಪನಿಗೆ ಒಂದು ಹಿಂಡು ಕುರಿ, ಕಾಲುವೆಯ ಬಾಲಕ್ಕೆ ಅಂಟಿಕೊಂಡ ಒಂದು ತುಂಡು ಹೊಲ. ತಲೆಯ ಕಡೆಯವರು ಕುಡಿದು ಬಿಟ್ಟ ನೀರು ಬಾಲಕ್ಕೆ ಬರುವಷ್ಟರಲ್ಲಿ ಅದು ನೀರಲ್ಲ, ನೀರಿನ ನೆನಪು. ಹೀಗೆ ಕಾಯುವುದನ್ನು ಹುಟ್ಟಾ ಕಲಿತವನಿಗೆ ಹೊಟ್ಟೆ ಬೆನ್ನುಗಳ ನಡುವೆ, ಮೇದೋಜೀರಕ ಗ್ರಂಥಿಯಲ್ಲಿ, ಕ್ಯಾನ್ಸರ್ ಆಯಿತು. ಹೆಂಡತಿ ಮರಿಲಿಂಗಮ್ಮನ ತಮ್ಮ ಹಣಮಂತ್ರಾಯ, ಶಹಾಪುರದಲ್ಲಿ ಮಾಸ್ತರ, ರೋಗದ ಹೆಸರನ್ನು ಭಾವನಿಗೆ ಬಿಡಿಸಿ ಹೇಳಿದ್ದ.

"ಮೇದೋಜೀರಕ ಅಂದ್ರ ಅಡಗಿ ಮನಿ ಜೀರಗಿ ಅಲ್ಲ ಭಾವ. ಆದ್ರ ನೀ ತಿಂದ ಮಸಾಲಿ ಲೆಕ್ಕ ಎಲ್ಲಾ ಅಲ್ಲೇ ಆಗ್ತದ."

ಹಣಮಂತ್ರಾಯನ ಗಂಟಲಲ್ಲಿ ಅರ್ಧ ತಾಲೂಕು ವಾಸವಾಗಿತ್ತು. ಬಸ್ ಕಂಡಕ್ಟರ್, ಸಾಲಿ ಸಾಹೇಬ, ನೆಗಡಿ ಆದ ಹೋತ, ಎಲ್ಲರೂ ಕರೆದಾಗ ಬಂದು ಮಾತಾಡಿ ಹೋಗುತ್ತಿದ್ದರು. ಭಾವನನ್ನು ಕಾಡಿಸುವುದು ತನ್ನ ಹಕ್ಕು ಎಂದು ಅವನು ತಿಳಿದಿದ್ದ. ಹಕ್ಕೂ ಹೌದು.

ಮೊದಲ ವರ್ಷ ಸಲೈನಿನಲ್ಲಿ ಹಾಕಿದ ಔಷಧಿ ಗಡ್ಡೆಯನ್ನು ಹಿಡಿದಿಟ್ಟಿತು. ಆಮೇಲೆ ಗಡ್ಡೆ ಅದಕ್ಕೆ ಸೊಪ್ಪು ಹಾಕಲಿಲ್ಲ. ಹೈದರಾಬಾದಿನ ದವಾಖಾನೆಯಲ್ಲಿ ರಾಯಚೂರು ಕಡೆಯ ಡಾಕ್ಟರಮ್ಮ ಒಬ್ಬಳಿದ್ದಳು. ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಹೇಳಿದಳು:

"ನಿಮ್ಮ ಗಡ್ಡಿ ಈ ಔಷಧಕ್ಕ ಒಗ್ಗಿ ಹೋಗ್ಯದ. ಒಳಗ ಬಂದಿದ್ದನ್ನ ಹೊರಗ ನೂಕ್ತದ. ಸುತ್ತ ದಪ್ಪನ ಬೇಲಿ ಬ್ಯಾರೆ ಕಟ್ಕೊಂಡದ. ಒಂದು ಗಿಡದ ಸತ್ವ ಅದ, ಅದು ಈ ನೂಕೋದನ್ನ ನಿಲ್ಲಸ್ತದೇನು ಅಂತ ನೋಡಾಕತ್ತೀವಿ. ಹಳೇ ಔಷಧದ ಜೋಡಿ ಗುಳಗಿ ಮಾಡಿ ಕೊಡ್ತೀವಿ. ಗುಣ ಆಗ್ತದ ಅಂತ ಮಾತು ಕೊಡಲ್ಲರಿ. ಇದು ಪ್ರಯೋಗ."

ತಾಯಪ್ಪ ಕಣ್ಣು ಮುಚ್ಚಿದ. ಕಣ್ಣೊಳಗಿನ ಕಾಲುವೆಯಲ್ಲಿ ಜೇಕಿನ ಕಳೆ ದಟ್ಟವಾಗಿ ಬೆಳೆದಿತ್ತು. ಗೇಟು ಎತ್ತಿದ್ದಾರೆ, ನೀರು ಬಿಟ್ಟಿದ್ದಾರೆ, ಆದರೂ ಅವನ ಹೊಲ ಒಣಗಿ ನಿಂತಿತ್ತು.

"ಅಂದ್ರ ಜೇಕು ಕೀಳೋ ಔಷಧ."

"ಹಂಗೇ ತಿಳ್ಕೋರಿ. ಆ ಗಿಡದ ಹೆಸರು ಏನಂದ್ರ…"

ತಾಯಪ್ಪ ಎರಡೂ ಕಿವಿ ಮುಚ್ಚಿಕೊಂಡ. ಗಿಡದ ಹೆಸರು ರೋಗಿಯ ಕಿವಿಗೆ ಬಿದ್ದರೆ ಔಷಧಿಯ ಕಸುವು ಹೋಗುತ್ತದೆ. ಕೊನೆಗೆ ಹಣಮಂತ್ರಾಯನೇ ಪ್ರಯೋಗದ ಒಪ್ಪಿಗೆ ಕಾಗದ ಪೂರ್ತಿ ಓದಿ, ಆ ಒಂದು ಹೆಸರು ಬಿಟ್ಟು ಮಿಕ್ಕದ್ದನ್ನೆಲ್ಲ ಭಾವನಿಗೆ ತಿಳಿಸಿ ಹೇಳಬೇಕಾಯಿತು. ಡಾಕ್ಟರಮ್ಮ ನಗಲಿಲ್ಲ. ಬೇರೆ ಯಾವ ನಾಟಿ ಔಷಧಿಯನ್ನೂ ಮುಟ್ಟಬಾರದು ಎಂದಷ್ಟೇ ಹೇಳಿದಳು. ಪಥ್ಯದ ಮಾತನ್ನು ಅವಳು ಎತ್ತಲಿಲ್ಲ. ಗಿಡದ ಔಷಧಿ ಅಂದಮೇಲೆ ಅದನ್ನು ಬಾಯಿ ಬಿಟ್ಟು ಹೇಳಬೇಕೆ ಎಂದುಕೊಂಡು ತಾಯಪ್ಪನೂ ಎತ್ತಲಿಲ್ಲ.

ಹರೆಯದಲ್ಲಿ ಅವನಿಗೆ ಕಾಮಾಲೆ ಆದಾಗ ಬೇರು ಅರೆದು ಕೊಟ್ಟವಳು ಊರಿನ ನಾಟಿ ಔಷಧಿಯ ಮುದುಕಿ ಗೊಲ್ಲಾಳಮ್ಮ. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ, ಬಾಡಿಲ್ಲ. ಹಾಲು, ಸಪ್ಪನ ರೊಟ್ಟಿ. ಪಥ್ಯ ಮುಗಿದ ದಿನ ಅವಳೇ ಬಂದು, ಖಾರದ ರೊಟ್ಟಿಯ ತುತ್ತನ್ನು ತನ್ನ ಕೈಯಾರೆ ಬಾಯಿಗಿಟ್ಟು, "ಬಿಟ್ಟೀನಿ, ಉಣ್ಣು" ಅಂದಿದ್ದಳು. ಪಥ್ಯ ಬಿಡಿಸುವ ರೀತಿಯೇ ಅದು. ಹಾಕಿದವರೇ ಬಿಡಿಸಬೇಕು.

ಹೀಗಾಗಿ ಗುಳಿಗೆ ಶುರುವಾದ ದಿನದಿಂದ ತಾಯಪ್ಪ ಹಾಲು ರೊಟ್ಟಿಗೆ ಬಿದ್ದ. ಮೊದಲೇ ಸೊರಗಿದ ಮೈ ಇನ್ನೂ ತೆಳುವಾಗಿ, ಬಿಸಿಲಿಗೆ ಹಿಡಿದರೆ ಆಚೆ ಕಡೆಯ ಕುರಿ ಕಾಣುವಂತಾಯಿತು. ಮುಂದಿನ ಸಲ ಡಾಕ್ಟರಮ್ಮ ತೂಕ ನೋಡಿ ಗಾಬರಿಯಾದಳು. ಮರಿಲಿಂಗಮ್ಮ ಎಲ್ಲ ಹೇಳಿಬಿಟ್ಟಳು.

"ಪಥ್ಯ ಏನೂ ಇಲ್ಲರಿ. ತತ್ತಿ ತಿನ್ರಿ, ಬಾಡು ತಿನ್ರಿ. ಅರಗಸಾಕ ಬ್ಯಾರೆ ಗುಳಗಿ ಕೊಟ್ಟೀನಲ್ಲ. ಮುಂದಿನ ಸಲ ತೂಕ ನಲವತ್ತೈದರ ಕೆಳಗ ಇತ್ತಂದ್ರ ನಿಮ್ಮನ್ನ ಈ ಪ್ರಯೋಗದಾಗ ಇಟ್ಕೊಳ್ಳಾಕ ಬರಲ್ಲ. ಗುಳಗಿ ನಿಲ್ಲಸಬೇಕಾಗ್ತದ."

ತಿರುಗಿ ಬರುವಾಗ ಶಹಾಪುರದ ಬೆಟ್ಟ ಬಸ್ಸಿನ ಕಿಟಕಿಯಲ್ಲಿ ಕಾಣಿಸಿತು. ಮಲಗಿದ ಬುದ್ಧ. ಹಣೆ, ಮೂಗು, ಎದೆ, ಎಲ್ಲ ಕಲ್ಲೇ. ಎಷ್ಟು ಕಾಲದಿಂದ ಉಂಡಿಲ್ಲವೋ ಏನೋ, ಮೈ ಮಾತ್ರ ಇಳಿದಿಲ್ಲ. ತಾಯಪ್ಪ ಅದನ್ನೇ ನೋಡುತ್ತ ಕೂತ. ಮರಿಲಿಂಗಮ್ಮ ಅವನ ಮೊಣಕೈ ತಿವಿದಳು.

"ಡಾಕ್ಟರಮ್ಮ ಹೇಳಿದ್ದು ಕೇಳಿಸ್ತೋ ಇಲ್ಲೋ?"

"ಕೇಳಿಸ್ತು. ಆಕಿ ಪಥ್ಯ ಹಾಕೇ ಇಲ್ಲ. ಹಾಕದಾಕಿ ಬಿಡಸೋದು ಹೆಂಗ?"

"ಮತ್ತ ಹಾಕಿದವ್ರು ಯಾರು?"

"ನಾನೇ."

"ಹಂಗಾರ ನೀನೇ ಬಿಡು."

"ತನಗ ತಾನೇ ಬಿಡಸಾಕ ಬರ್ತಿದ್ರ ಅದು ಪಥ್ಯ ಹೆಂಗಾಗ್ತದ, ಹುಚ್ಚಿ?"

ಹಿಂದಿನ ಸೀಟಿನಲ್ಲಿದ್ದ ಹಣಮಂತ್ರಾಯ ಏನೂ ಅನ್ನಲಿಲ್ಲ. ಅವನು ಸುಮ್ಮನಿರುವುದು ಅಪರೂಪ. ಆಗಲೇ ಎಚ್ಚರಾಗಬೇಕಿತ್ತು.

ನಿಜ ಹೇಳಬೇಕೆಂದರೆ ತಾಯಪ್ಪನಿಗೆ ಹಸಿವು ಕನಸಿನಲ್ಲೂ ಬಿಡುತ್ತಿರಲಿಲ್ಲ. ಕಾಲುವೆ ತುಂಬ ಬಾಡಿನ ಸಾರು ಹರಿಯುತ್ತಿತ್ತು, ಕೊಕ್ಕರೆಗಳು ಪುಂಡಿ ಪಲ್ಯ ಕಚ್ಚಿಕೊಂಡು ಹಾರುತ್ತಿದ್ದವು. ಅವನು ದಂಡೆಯ ಮೇಲೆ ಬಾಯಿ ಕಟ್ಟಿಕೊಂಡು ನಿಂತಿರುತ್ತಿದ್ದ. ಒಂದು ತುತ್ತಿಗೆ ಕೈ ಚಾಚಿದರೂ ಗುಳಿಗೆಯ ಕಸುವು ಹೋಗಿ, ಜೇಕು ಮತ್ತೆ ಎದ್ದುಬಿಟ್ಟರೆ? ಉಂಡರೆ ಔಷಧಿ ಕೆಡುತ್ತದೆ, ಉಣ್ಣದಿದ್ದರೆ ಔಷಧಿ ನಿಲ್ಲುತ್ತದೆ. ಎರಡು ಕಡೆಯಿಂದಲೂ ಗೇಟು ಇಳಿಸಿದಂತೆ ಅವನು ನಡುವೆ ನಿಂತುಬಿಟ್ಟಿದ್ದ.

ಕಾಲುವೆಗೆ ನೀರು ಪಾಳಿಯ ಮೇಲೆ ಬರುತ್ತದೆ. ಆ ದಿನಗಳಲ್ಲಿ ಬಂದ್ ಇತ್ತು. ಒಂದು ಮಧ್ಯಾಹ್ನ ಮರಿಲಿಂಗಮ್ಮ ಗಂಡನನ್ನು ಪೂಲಿನ ಬದಿಯ ಬೇವಿನ ನೆರಳಲ್ಲಿ ಕೂಡಿಸಿ, ಕುರಿ ಹೊಡೆದುಕೊಂಡು ಆಚೆ ಹೋದಳು. ಬಿಸಿಲು ಒಣ ಕಾಲುವೆಯ ತುಂಬ ಹರಿಯುತ್ತಿತ್ತು. ತಾಯಪ್ಪನ ಕಣ್ಣು ಮುಚ್ಚಿದವು, ಅಥವಾ ತೆರೆದೇ ಇದ್ದವು. ಈಚೆಗೆ ಅವೆರಡಕ್ಕೂ ಹೆಚ್ಚು ಭೇದವಿರಲಿಲ್ಲ. ನೆರಳು ಹಗುರಾಗಿ ಅವನನ್ನು ಎತ್ತಿಕೊಂಡು ತೂಗತೊಡಗಿತು.

"ತಾಯಪ್ಪಾ."

ದನಿ ಪೂಲಿನ ಕೆಳಗಿನಿಂದ ಬಂತು. ಒಡಕು ಮಡಕೆಯಂಥ ದನಿ, ಪ್ರತಿ ಮಾತಿನ ಕೊನೆಗೆ ಎಲೆ ಅಡಿಕೆ ಜಗಿಯುವ ಸದ್ದು. ಆ ದನಿಯ ಗೊಲ್ಲಾಳಮ್ಮ ಮಣ್ಣು ಸೇರಿ ಎಷ್ಟೋ ಮಳೆಗಾಲ ಕಳೆದಿದ್ದವು.

"ಹೂಂ ಯವ್ವ."

"ಮೈ ನೋಡ್ಕೊಂಡೀಯೇನು? ಕುರಿ ಕಾಯೋ ಕೋಲಿಗೂ ನಿನಗೂ ಗುರುತು ಹತ್ತವಲ್ದು."

"ಪಥ್ಯ ಅದ ಯವ್ವ."

"ನಾ ಹಾಕಿದ್ನೇನು?"

"ಇಲ್ಲ. ನಿನ್ನ ರೀತಿ ಹಿಡದು ನಾನೇ ಹಾಕ್ಕೊಂಡೀನಿ."

"ರೀತಿ ನಂದಾದ್ರ ಬಿಡಸಾಕಿ ನಾನೇ. ಬಿಟ್ಟೀನಿ, ಉಣ್ಣು. ಉಪ್ಪು ಉಣ್ಣು, ತತ್ತಿ ತಿನ್ನು, ಬಾಡು ತಿನ್ನು. ಬಾಡು ಮಾಡಿದ ದಿನ ನಿನ್ನ ಹೇಣ್ತಿ ತಮ್ಮಗೊಂದು ಪರಾತ ತುಂಬ ಎತ್ತಿಡು. ಪಾಪ, ಒಳ್ಳೆ ಹುಡುಗ."

ಆಗ ದೂರದಲ್ಲಿ ಯಾರೋ ಸೀರೆ ಎಳೆದುಕೊಂಡು ಬರುವಂಥ ಸದ್ದು. ಯಾರು ಗೇಟು ಎತ್ತಿದರೋ, ಪಾಳಿಗೆ ಮೊದಲೇ ನೀರು ಬಂತು. ಕಸ, ಒಣ ಎಲೆ, ನೊರೆ ಮುಂದಿಟ್ಟುಕೊಂಡು ಬಂದು ಪೂಲಿನ ಕೆಳಗೆ ನುಗ್ಗಿತು. ಗೊಲ್ಲಾಳಮ್ಮ ಜೋರಾಗಿ ಕೆಮ್ಮಿದಳು. ಕೆಮ್ಮಿನ ನಡುವೆ ಇನ್ನೊಂದು ಮಾತು ಅಂದಳು. ಆ ಕೊನೆಯ ಮಾತನ್ನು ತಾಯಪ್ಪ ಸದ್ಯಕ್ಕೆ ಯಾರಿಗೂ ಹೇಳಲಿಲ್ಲ. ನಾನೂ ಈಗಲೇ ಹೇಳುವುದಿಲ್ಲ.

ಅವನು ಎದ್ದು ಕೂತು ನೀರನ್ನು ನೋಡಿದ. ಅದು ಅವನ ಹೊಲದ ಕಡೆಗೇ ಹೋಗುತ್ತಿತ್ತು. ಎದೆಯೊಳಗೆ ಎಲ್ಲೋ ಒಂದು ಗೇಟು ಕಿರುಗುಟ್ಟಿ ಮೇಲೆದ್ದಂತಾಯಿತು. ತಾನು ಉಣ್ಣಲಿ ಎಂದು ಸತ್ತವರನ್ನೂ ಎಬ್ಬಿಸಿ ಕರೆತಂದಿದ್ದಾರೆ. ಇನ್ನು ಉಣ್ಣದೆ ಕೂತರೆ ಅದು ಪಥ್ಯವಲ್ಲ, ಸೊಕ್ಕು.

ಸಂಜೆ ಮನೆಗೆ ಹೋಗಿ, "ಬಾಡು ಮಾಡು," ಅಂದ. ಮರಿಲಿಂಗಮ್ಮ ಕೈಯಲ್ಲಿದ್ದ ಚರಿಗೆಯನ್ನು ಕೆಳಗಿಟ್ಟಳು.

"ಯಾರು ಬಿಡಸಿದ್ರು?"

"ಬಿಡಸೋರು ಬಂದು ಬಿಡಸಿ ಹೋದ್ರು. ನಿನ್ನ ತಮ್ಮಗೂ ಒಂದು ಪರಾತ ಇಡು."

ಅವಳು ಕಣ್ಣೊರೆಸಿಕೊಂಡು, ಆ ನೆವದಲ್ಲಿ ನಗುವನ್ನೂ ಒರೆಸಿಕೊಂಡು ಒಳಗೆ ಹೋದಳು. ಹಣಮಂತ್ರಾಯ ಹೊತ್ತಿಗೆ ಸರಿಯಾಗಿ ಬಂದ, ಮೈ ಕುಲುಕುವಂತೆ ಸೀನುತ್ತ. ತಾಯಪ್ಪ ಡಾಕ್ಟರಮ್ಮನ ಗುಳಿಗೆ ಬಾಯಿಗೆ ಹಾಕಿಕೊಂಡು, ಉಪ್ಪು ಹಾಕಿದ ಬಾಡಿನ ಸಾರಿನಲ್ಲಿ ರೊಟ್ಟಿ ಅದ್ದಿ, ಮೊದಲ ತುತ್ತನ್ನು ಬಹಳ ಹೊತ್ತು ಅಗಿದ. ಮಾರನೆಯ ದಿನ ಅನ್ನಕ್ಕಿಡಲು ಅಕ್ಕಿ ಡಬ್ಬಿಗೆ ಕೈ ಹಾಕಿದ ಮರಿಲಿಂಗಮ್ಮನಿಗೆ ಅಕ್ಕಿಯ ಒಳಗೆ ತಮ್ಮನ ಮೊಬೈಲು ಸಿಕ್ಕಿತು. ಒಣಗಲಿ ಅಂತ ಹೂತಿಟ್ಟಿದ್ದನಂತೆ. ಅವಳು ಗುಟ್ಟಾಗಿ ಮತ್ತೆ ಮುಚ್ಚಿಟ್ಟಳು. ತಾಯಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನ ಬೆನ್ನು ಸಣ್ಣಗೆ ಅಲುಗುತ್ತಿತ್ತು. ನೋವೇನೋ ಎಂದು ಅವಳು ಕಂಬಳಿ ಹೊದಿಸಿದಳು.

ಹೈದರಾಬಾದಿನ ತಕ್ಕಡಿ ನಲವತ್ತಾರೂವರೆಗೆ ಹೋಗಿ ನಿಂತಿತು. ಡಾಕ್ಟರಮ್ಮ ಎರಡು ಸಲ ನೋಡಿದಳು.

"ಗುಳಗಿ ನಡೀಲಿ. ಗಡ್ಡಿ ಏನಂತದೋ ಫೋಟೋ ತೆಗದ ಮ್ಯಾಲೇ ಗೊತ್ತಾಗ್ತದ. ಆದ್ರ ನಾ ಹೇಳಿದಾಗ ಉಣ್ಣಲಿಲ್ಲ, ಈಗ ಹೆಂಗ ಉಂಡ್ರಿ?"

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಣಮಂತ್ರಾಯ ಬಹಳ ಭಕ್ತಿಯಿಂದ ಗೋಡೆಯ ಕ್ಯಾಲೆಂಡರು ನೋಡತೊಡಗಿದ.

"ನಮ್ಮೂರ ಗೊಲ್ಲಾಳಮ್ಮ ಬಂದು ಪಥ್ಯ ಬಿಡಸಿದಳ್ರಿ," ತಾಯಪ್ಪ ತಕ್ಕಡಿಯ ಮೇಲೆ ನಿಂತೇ ಹೇಳಿದ. "ಸತ್ತು ಬಾಳ ವರ್ಷ ಆಗ್ಯದ. ಪೂಲಿನ ಕೆಳಗಿಂದ ಮಾತಾಡಿದಳು. ಆದ್ರ ಸತ್ತ ಮ್ಯಾಲ ಆಕಿ ಬಾಳ ಸುಧಾರಿಸ್ಯಾಳ್ರಿ. ನೀರು ಬಂತು ನೋಡ್ರಿ, ಆಗ ಏನಂದಳಂದ್ರ…"

ಅವನು ಕುತ್ತಿಗೆ ಸೊಟ್ಟ ಮಾಡಿ, ಇಲ್ಲದ ಎಲೆ ಅಡಿಕೆ ಜಗಿದು, ಒಡಕು ಮಡಕೆಯಂಥ ದನಿ ತೆಗೆದ:

"'ಅಯ್ಯಯ್ಯ, ನನ್ನ ಮೊಬೈಲ!'"

ಹಣಮಂತ್ರಾಯನ ಮುಖ ಮೊದಲು ಕಪ್ಪಿಟ್ಟು ಆಮೇಲೆ ಅರಳಿತು. ಮರಿಲಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಏನೂ ತಿಳಿಯದ ಡಾಕ್ಟರಮ್ಮನೂ ನಕ್ಕಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ತಕ್ಕಡಿಯ ಮೇಲಿದ್ದ ತಾಯಪ್ಪ. ಅವನ ನಗುವಿಗೆ ಮುಳ್ಳು ನಲವತ್ತೈದರ ಆಚೆಗೇ ಕುಣಿಯುತ್ತಲೇ ಇತ್ತು.