ಸುರುಳಿಯ ಅಂಚಿನ ಚುಕ್ಕೆ

ಫೋಟೋ ತೊಳೆಯುವ ಹೈಪೋ ದ್ರಾವಣದ ಹುಳಿ ವಾಸನೆ. ಬೆಳಿಗ್ಗೆ ಹಿತ್ತಲಿನ ತಗಡಿನ ಶೆಡ್ಡಿಗೆ ಕಾಲಿಟ್ಟಾಗ ಅಕ್ಕನಿಗೆ ಯಾಕೋ ಅದೇ ನೆನಪಾಯಿತು. ಚಿಕ್ಕಂದಿನಲ್ಲಿ ಅಪ್ಪ ಸ್ಟುಡಿಯೋದ ಕತ್ತಲೆಕೋಣೆಯಿಂದ ಹೊರಬಂದು, ಆ ವಾಸನೆಯ ಬೆರಳುಗಳಲ್ಲೇ ಅವಳ ಕೈಹಿಡಿದು ಫೋಟೋದ ಮೇಲೆ ಕುಂಚ ಆಡಿಸಲು ಕಲಿಸಿದ್ದರು. "ಚುಕ್ಕೆ ಕಂಡ್ರೆ ಬಿಡಬೇಡ ಮಗಳೇ. ಗಿರಾಕಿ ತನ್ನ ಮೊಡವೆ ನೋಡೋಕೆ ಬರಲ್ಲ." ಮುಂದೆ ನಲವತ್ತು ವರ್ಷ ಅವಳು ಊರವರ ಮೊಡವೆಗಳನ್ನು ಹೇಳಹೆಸರಿಲ್ಲದಂತೆ ಅಳಿಸಿದ್ದಳು.

ಶೆಡ್ಡು ತಮ್ಮನದು. ಕಾರ್ಖಾನೆಯ ಲೇತ್ ಕೆಲಸದಿಂದ ನಿವೃತ್ತನಾದ ಮೇಲೆ, ಹಳಿಯ ಮೇಲೆ ಸರಿಯುವ ಚಾವಣಿ ಮಾಡಿ, ಒಳಗೆ ದೂರದರ್ಶಕ ನಿಲ್ಲಿಸಿದ್ದ. ಹನ್ನೊಂದು ವರ್ಷದಿಂದ ಅವನಿಗೆ ಒಂದೇ ಹುಚ್ಚು: ಹೊಸದಾಗಿ ಸಿಡಿದ ನಕ್ಷತ್ರವೊಂದನ್ನು ಎಲ್ಲರಿಗಿಂತ ಮೊದಲು ಕಾಣಬೇಕು. ಚಿತ್ರ ತೆಗೆಯುವುದು ಅವನು. ಕಂಪ್ಯೂಟರಿನಲ್ಲಿ ಅದರ ಕಲೆ, ಕಸ ತೆಗೆಯುವುದು ಅಕ್ಕ.

"ನೋಡಕ್ಕ, ನಾವು ಯಾವಾಗಲೂ ಚಿತ್ರ ತೆಗೆಯೋ ಆ ಸುರುಳಿ ಗ್ಯಾಲಕ್ಸೀಲೇ ಒಂದು ನಕ್ಷತ್ರ ಸಿಡಿದಿದೆಯಂತೆ. ನಿನ್ನೆ ಯಾರೋ ಶಾಲೆ ಮಾಸ್ತರು ಖಗೋಳ ಸಂಸ್ಥೆಗೆ ತಿಳಿಸಿದಾರೆ. ಮೊದಲು ತಿಳಿಸಿದವರದ್ದೇ ಹೆಸರು. ನಾನು ತೆಗೆದದ್ದು ಅದಕ್ಕೂ ಎರಡು ರಾತ್ರಿ ಮುಂಚೆ, ನಮ್ಮದರಲ್ಲಿ ಏನೂ ಇಲ್ಲ. ಆಗಿನ್ನೂ ಸಿಡಿದಿರಲಿಲ್ಲವೇನೋ."

ಅವನು ಪರದೆಯ ಮೇಲೆ ಬೆರಳಿಟ್ಟ ಜಾಗ ಅಕ್ಕನಿಗೆ ನೆನಪಿತ್ತು. ಮೊನ್ನೆ ಅವಳು ಕಸ ತೆಗೆಯುವಾಗ ಅಲ್ಲಿ, ಸುರುಳಿಯ ಅಂಚಿನಲ್ಲಿ, ಒಂದು ಬಿಳಿ ಚುಕ್ಕೆ ಇತ್ತು. ಹೋದ ವರ್ಷದ ಚಿತ್ರದಲ್ಲಿ ಇರಲಿಲ್ಲವಲ್ಲ, ಕ್ಯಾಮೆರಾದ ಕಸವೇ ಇರಬೇಕು ಎಂದು ಅವಳೇ ತೆಗೆದಿದ್ದಳು. ಸುಮ್ಮನಿದ್ದರೆ ಮುಗಿಯಿತು, ಅವನಂತೂ ಸಮಾಧಾನ ಮಾಡಿಕೊಂಡಾಗಿತ್ತು.

"ಸಿಡಿದಿತ್ತು ಕಣೋ," ಎಂದಳು. "ನಾನು ಒರೆಸಿಬಿಟ್ಟೆ."

ಅವನು ಅವಳ ಕೈ ತಾಗದ ಮೂಲ ಚಿತ್ರ ತೆರೆದ. ಚುಕ್ಕೆ ಇತ್ತು, ಎಳ್ಳಿನಷ್ಟು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ನೋಡಿದ. ಎದ್ದು ಮನೆಯೊಳಗೆ ಹೋದ.

ಅಕ್ಕ ಅಲ್ಲೇ ಕುಳಿತಳು. ಬಿಸಿಲೇರಿ ತಗಡು ಚಟಪಟ ಎನ್ನತೊಡಗಿತು. ಒಳಗೆ ಪಾತ್ರೆಗಳ ಸದ್ದಾಯಿತು. ಊಟದ ಹೊತ್ತು ಮೀರಿತು. ಒಳಗೆ ಹೋಗಲು ಅವಳಿಗೆ ಮುಖವಿರಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. "ನನ್ನ ಮದುವೆ ಫೋಟೋದಲ್ಲಿ ಮೂಗಿನ ಮೇಲೆ ನಿಂಬೆಹಣ್ಣಿನಷ್ಟು ಮೊಡವೆ ಇತ್ತು," ಎಂದ ತಮ್ಮ. "ಅದನ್ನ ತೆಗೆದದ್ದೂ ನೀನೇ ಅಲ್ವಾ?"

"ಹೂಂ."

"ಅವತ್ತು ನಾನೇನೂ ಬೈಲಿಲ್ಲ."

ಮುಚ್ಚಿ ತಂದ ಊಟದ ತಟ್ಟೆಯನ್ನು ಅವಳ ಮಡಿಲಿಗಿಟ್ಟ. ಆಮೇಲೆ, ಲೇತಿನ ಮುಂದಿರುವವನಿಗೆ ಉಪಕರಣ ಕೊಡುವಂತೆ, ಹಿಡಿಯನ್ನು ಅವಳ ಕಡೆಗೆ ತಿರುಗಿಸಿ ಚಮಚ ಕೊಟ್ಟ.